ವರ್ಷಕ್ಕೊಂದು ವಿಮಾನ

ವಿಮಾನವೇ ಬರದ ವಿಮಾನ ನಿಲ್ದಾಣದಲ್ಲಿ ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಜನ ಈಗಲೂ ಕೇಳುತ್ತಾರೆ. ಏನೂ ಮಾಡದೆ ಕೂತವನನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಬರುತ್ತವೆ ಎನ್ನುವುದು ನನ್ನ ಅನುಭವ.

ಎಪ್ಪತ್ತರ ದಶಕದಲ್ಲಿ ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಪಕ್ಕ ಗರಸು ಹಾಕಿ ಬಡಿದ ಉದ್ದನೆಯ ಮೈದಾನವೊಂದಿತ್ತು. ಒಂದು ಕಂಬ, ಒಂದು ತಗಡಿನ ಶೆಡ್ಡು, ಒಬ್ಬ ಕಾವಲುಗಾರ. ಕಾವಲುಗಾರ ನಾನು. "ಹುಡುಗ ವಿಮಾನದಾಗ ಅದಾನ" ಎಂದು ನಂಬಿ ಮಾವ ಮಗಳನ್ನು ಕೊಟ್ಟಿದ್ದರು. ನನ್ನದು ತಾತ್ಕಾಲಿಕ ನೌಕರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಲಿಲ್ಲ. ವರ್ಷಕ್ಕೆ ಒಂದಾದರೂ ವಿಮಾನ ಇಳಿದು ವಹಿಯಲ್ಲಿ ದಾಖಲಾದರೆ ಇನ್ನೊಂದು ವರ್ಷ ನೌಕರಿ. ಇಳಿಯದಿದ್ದರೆ ನಿಲ್ದಾಣ ಬಂದ್, ನಾನು ಮನೆಗೆ. ಹೀಗಾಗಿ ಆಕಾಶವನ್ನು ನನ್ನಷ್ಟು ಆಸೆಯಿಂದ ನೋಡಿದವರು ಆ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಸೀರೆಯ ದಡಿ

ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಪೈಲಟ್‌ಗೆ ಗೊತ್ತಾಗಲು ಕಂಬದ ತುದಿಗೆ ಬಟ್ಟೆಯ ಚೀಲ ಕಟ್ಟಿರುತ್ತಾರೆ. ನಮ್ಮದು ಹರಿಯಿತು. ಹೊಸದು ಬೇಕೆಂದು ಕಚೇರಿಗೆ ಬರೆದೆ. "ಹರಿದದ್ದನ್ನು ಒಪ್ಪಿಸಿದರೆ ಹೊಸದು ಕೊಡಲಾಗುವುದು" ಎಂದು ಉತ್ತರ ಬಂತು. ಹರಿದದ್ದು ಗಾಳಿಗೆ ಹಾರಿ ಹೋಗಿತ್ತು. ಯಾವ ದಿಕ್ಕಿಗೆ ಹೋಯಿತೆಂದು ತಿಳಿಯಲು ಚೀಲವಿರಲಿಲ್ಲ.

ಕೊನೆಗೆ ಹೆಂಡತಿ ತನ್ನ ಹಳೆಯ ಇಳಕಲ್ ಸೀರೆಯಲ್ಲಿ, ದಡಿ ಎಂದರೆ ಅದರ ಅಂಚು ಹೊರಗೆ ಕಾಣುವಂತೆ, ಒಂದು ಚೀಲ ಹೊಲಿದು ಕೊಟ್ಟಳು. ಎಂಟು ದಿನದಲ್ಲಿ ಕಂಬದ ಬುಡಕ್ಕೆ ಅರಿಶಿನ ಕುಂಕುಮ ಬಿತ್ತು. ಯಾರು ಹಚ್ಚಿದರೆಂದು ನಾನು ವಿಚಾರಿಸಲಿಲ್ಲ. ದೇವರಿರುವ ಜಾಗ ಮುಚ್ಚುವುದು ಸರಕಾರಕ್ಕೂ ಕಷ್ಟ.

ಆ ವರ್ಷ ಹತ್ತಿಗೆ ಔಷಧ ಹೊಡೆಯುವ ವಿಮಾನವೊಂದು ಬಂದಿಳಿಯಿತು. ಪೈಲಟ್ ಸಾಹೇಬರು ಧಾರವಾಡದ ಕಡೆಯವರು. ವಹಿಯಲ್ಲಿ ಸಹಿ ಹಾಕುತ್ತಿದ್ದಾಗ ನನ್ನ ಹೆಂಡತಿ ತಡೆಯಲಾರದೆ ಕೇಳಿದಳು.

"ಸಾಹೇಬ್ರ, ಮ್ಯಾಲಿಂದ ಸೀರಿ ದಡಿ ಕಾಣತೈತೇನ್ರಿ?"

"ಇಲ್ಲವಾ ತಂಗಿ, ಅಷ್ಟು ಮ್ಯಾಲಿಂದ ಬರೇ ಕೆಂಪ ಕಾಣತೈತಿ."

"ಹಂಗಾರ ಮುಂದಿನ ಸಲ ಇನ್ನೀಟ ಕೆಳಗ ಬರ್ರಿ. ಅದು ಚಿಕ್ಕಿ ಪರಾಸ ದಡಿ."

ಮೂರರಲ್ಲಿ ಎರಡು

ಮುಂದೊಂದು ವರ್ಷ ಮಾರ್ಚ್ ಮುಗಿಯಲು ಬಂದರೂ ವಿಮಾನದ ಸುಳಿವಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ತರಬೇತಿಯ ವಿಮಾನವೊಂದು ಎಲ್ಲಿಂದಲೋ ಬಂದು, ನೆಲಕ್ಕೆ ಗಾಲಿ ತಾಗಿಸಿ, ನಿಲ್ಲದೆ ಹಾಗೇ ಮೇಲೆದ್ದು ಹೋಯಿತು. ನಾನು ವಹಿ ಹಿಡಿದು ಹಿಂದೆ ಓಡಿದೆ. ಆದರೂ "ಇಳಿದಿದೆ" ಎಂದು ಬರೆದು ಕಚೇರಿಗೆ ಒಯ್ದೆ.

"ಪೈಲಟ್ ಸಹಿ ಎಲ್ಲೈತಿ?" ಎಂದು ಗುಮಾಸ್ತರು ಕೇಳಿದರು.

"ನಿಂದರಲಿಲ್ರಿ ಅವ್ರು."

"ಗಾಲಿ ನೆಲಕ್ಕ ಮುಟ್ಟಿದ್ದಕ್ಕ ಸಾಕ್ಷಿ ತಗೊಂಡು ಬಾ."

ಸಾಕ್ಷಿ ಎಂದರೆ ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕ ಒಬ್ಬನೇ. ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಗುಮಾಸ್ತರ ಎದುರು ನಿಲ್ಲಿಸಿದೆ.

"ಎರಡ ಗಾಲಿ ಮುಟ್ಟಿದ್ದು ಖರೆ ಐತ್ರಿ," ಎಂದ ಮುದುಕ. "ಮೂರನೇದಕ್ಕ ನನ್ನ ಟಗರು ಅಡ್ಡ ನಿಂತಿತ್ತು. ನೋಡಲಾರದ್ದು ನೋಡೀನಿ ಅಂತ ನಾ ಹೇಳಂಗಿಲ್ಲ."

ಬಸ್ಸಿನ ದಾರಿಯುದ್ದಕ್ಕೂ ನಾನು ಮೂರು, ಮೂರು ಎಂದು ಹೇಳಿಕೊಟ್ಟಿದ್ದೆ. ಗುಮಾಸ್ತರು ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡು ಪಂಚನಾಮೆ ಬರೆದರು. ಆ ಸಾಲಿನ ಸರಕಾರಿ ದಾಖಲೆಯ ಪ್ರಕಾರ ನಮ್ಮ ನಿಲ್ದಾಣದಲ್ಲಿ ವಿಮಾನ ಮೂರರಲ್ಲಿ ಎರಡು ಪಾಲು ಇಳಿದಿದೆ.

ಬರಿ ಉಡಿ

ಎಂಬತ್ತರ ಸುಮಾರಿಗೆ ಪುಟ್ಟ ವಿಮಾನವೊಂದು ತಾನಾಗಿಯೇ ಬಂದು ಇಳಿಯಿತು. ಒಳಗಿಂದ ಇಳಿದವಳು ಒಬ್ಬಳು ಹುಡುಗಿ, ವಿಮಾನ ನಡೆಸಲು ಕಲಿಯುತ್ತಿದ್ದವಳು.

"ಇದು ಬೆಳಗಾವಿ ಹೌದಲ್ಲ?" ಎಂದು ಕೇಳಿದಳು.

"ಅಲ್ರಿ ಬಾಯಾರ. ಆದ್ರ ಸಹಿ ಇಲ್ಲೇ ಹಾಕ್ರಿ," ಎಂದು ವಹಿ ಮುಂದಿಟ್ಟೆ.

ಹೆಣ್ಣುಮಗಳು ವಿಮಾನ ನಡೆಸಿಕೊಂಡು ಬಂದಿದ್ದಾಳೆಂಬ ಸುದ್ದಿ ಹಬ್ಬಿ, ಪಕ್ಕದ ಹಳ್ಳಿಯ ಹೆಂಗಸರೆಲ್ಲ ಮೊರ ಹಿಡಿದು ಬಂದರು. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಜೋಳ, ಕೊಬ್ಬರಿ ಬಟ್ಟಲು, ಕುಬಸದ ಖಣ ಎಂದು ಮನೆಗೊಂದು ಉಡಿ ತುಂಬಿದರು. ಹುಡುಗಿ ತೊಟ್ಟದ್ದು ಪ್ಯಾಂಟು, ತುಂಬಿಕೊಳ್ಳಲು ಸೆರಗಿನ ಉಡಿಯೇ ಇಲ್ಲ. ನನ್ನ ಹೆಂಡತಿ ಒಂದು ಗೋಣಿಚೀಲ ತಂದಳು.

"ಇಷ್ಟು ಭಾರವಾದರೆ ವಿಮಾನ ಮೇಲೇಳುವುದಿಲ್ಲ," ಎಂದಳು ಹುಡುಗಿ.

"ತುಂಬಿದ ಉಡಿ ತಿರುಗಿ ತಗೊಳ್ಳಂಗಿಲ್ಲವಾ," ಎಂದರು ಹಿರಿಯ ಅಜ್ಜಿ. ವಿಮಾನದೊಳಗೆ ಬಗ್ಗಿ ನೋಡಿ ಸುಲಭ ದಾರಿಯನ್ನೂ ಹೇಳಿದರು. "ಆ ಬಾಜೂಕಿನ ಕುರ್ಚಿ ಖಾಲಿ ಐತೆಲ್ಲ, ಅದನ್ನ ಬಿಚ್ಚಿಡು."

ಹುಡುಗಿ ಬಿಚ್ಚಿಟ್ಟಳು. ಮತ್ತೆ ಬಂದು ಒಯ್ಯುತ್ತೇನೆಂದಳು, ಬರಲಿಲ್ಲ. ಈಗಲೂ ಆ ಕುರ್ಚಿ ನಮ್ಮ ಪಡಸಾಲೆಯಲ್ಲಿದೆ. ನಮ್ಮ ಮಾವ ಇರುವತನಕ ಅದರಲ್ಲೇ ಕೂತು, ಸೊಂಟದ ಪಟ್ಟಿ ಕಟ್ಟಿಕೊಂಡ ಮೇಲೆಯೇ ಚಹಾ ಕುಡಿಯುತ್ತಿದ್ದರು.

ಗಂಜಿ ಒಣಗುವ ತನಕ

ಕೊನೆಗೂ ನಾನು ಹೆದರುತ್ತಿದ್ದ ಕಾಗದ ಬಂತು. ನಿಲ್ದಾಣವನ್ನು ಇಡಬೇಕೋ ಮುಚ್ಚಬೇಕೋ ಎಂದು ನೋಡಲು ಮೇಲಧಿಕಾರಿಗಳು ಸೋಮವಾರ ಹನ್ನೊಂದಕ್ಕೆ ವಿಮಾನದಲ್ಲಿ ಬರುವವರಿದ್ದರು. ನನಗೆ ಖುಷಿಯೋ ಖುಷಿ. ವಿಮಾನ ಇಳಿಯುವುದಿಲ್ಲ ಎಂದು ಮುಚ್ಚಲು ಬರುವವರು ವಿಮಾನದಲ್ಲೇ ಇಳಿದರೆ, ಮುಚ್ಚಲು ಕಾರಣವೇ ಉಳಿಯುವುದಿಲ್ಲ.

ಸೋಮವಾರ ನಸುಕಿನಲ್ಲಿ ಇಳಕಲ್ಲಿನ ನೇಕಾರರು ಬಂದರು. ಸೀರೆ ನೇಯುವ ಮೊದಲು ಹಾಸಿನ, ಅಂದರೆ ಉದ್ದೆಳೆಯ ನೂಲನ್ನು ಓಣಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಅವರ ಓಣಿಯನ್ನು ನಳದ ಪೈಪಿಗಾಗಿ ಅಗೆದು ಬಿಟ್ಟಿದ್ದರಿಂದ ನಮ್ಮ ಮೈದಾನ ಕೇಳಲು ಬಂದಿದ್ದರು. "ಹತ್ತರೊಳಗ ಎತ್ತತೇವ್ರಿ," ಎಂದ ಹಿರಿಯ ನೇಕಾರ. ಪಾಪ ಅನಿಸಿತು, ಒಪ್ಪಿಕೊಂಡೆ.

ಸಾಹೇಬರ ವಿಮಾನ ಒಂಬತ್ತಕ್ಕೇ ಬಂತು. ಸರಕಾರದಲ್ಲಿ ಯಾವುದಾದರೂ ಹೊತ್ತಿಗೆ ಮುಂಚೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೈದಾನದ ನಟ್ಟನಡುವೆ ಹಸಿ ಹಾಸು, ಅದರ ಎರಡೂ ಬದಿಗೆ ಇಪ್ಪತ್ತು ಜನ. ನಾನು ಹಿರಿಯ ನೇಕಾರನ ಬಳಿಗೆ ಓಡಿದೆ.

"ಯಜಮಾನ್ರ, ಕೈ ಮುಗಿತೇನಿ, ಎತ್ರಿ. ನನ್ನ ನೌಕರಿ ಹೋಗತೈತಿ."

"ಈಗ ಎತ್ತಿದ್ರ ಎಳಿ ಎಲ್ಲಾ ಅಂಟಕೊಂಡು ನಮ್ಮ ತಿಂಗಳ ದುಡಿಮಿ ಹೋಗತೈತಿ. ಅವ್ರಿಗೆ ಒಂದ ತಾಸು ಅಡ್ಡಾಡಕೊಂಡು ಬರ್ರಿ ಅಂತ ಹೇಳ್ರಿ. ಅವ್ರಿಗೆ ಮ್ಯಾಲೆ ಜಾಗಾ ಭಾಳ ಐತಿ, ನಮಗ ಇದೊಂದ ಐತಿ."

ವಿಮಾನ ಮೂರು ಸುತ್ತು ಹಾಕಿತು. ನೇಕಾರರು ಕುಂಚ ಎತ್ತಿ, ಆ ಕಡೆ ಹೋಗಿ ಎಂದು ಕೈ ಬೀಸಿದರು. ವಿಮಾನ ಹೋಯಿತು. ನಾನು ಶೆಡ್ಡಿನಲ್ಲಿ ಕೂತು ಅತ್ತೆ.

ತಿಂಗಳ ಮೇಲೆ ಬಂದ ಆದೇಶವನ್ನು ಒಡೆಯಲು ಧೈರ್ಯವಾಗದೆ ಹೆಂಡತಿಯ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು: "ಸದರಿ ನಿಲ್ದಾಣದಲ್ಲಿ ಬೆಳಗಿನಿಂದಲೇ ವಿಪರೀತ ದಟ್ಟಣೆ ಇದ್ದು, ಖುದ್ದು ನಮಗೇ ಇಳಿಯಲು ಜಾಗ ದೊರೆಯಲಿಲ್ಲ. ಸಿಬ್ಬಂದಿ ಇಪ್ಪತ್ತು ಜನರಿದ್ದರೂ ಸಾಲದಾಗಿದೆ. ಆದ್ದರಿಂದ ಹಾಲಿ ಕಾವಲುಗಾರರನ್ನು ಖಾಯಂಗೊಳಿಸಿ, ಇನ್ನೊಬ್ಬರನ್ನು ಕೂಡಲೇ ನೇಮಿಸತಕ್ಕದ್ದು."

ಇನ್ನೊಬ್ಬನಾಗಿ ಬಂದವನು ಆ ಹಿರಿಯ ನೇಕಾರನ ಅಳಿಯ. ಸೇರಿದ ದಿನವೇ ಮೈದಾನವನ್ನು ಈ ತುದಿಯಿಂದ ಆ ತುದಿಗೆ ಹೆಜ್ಜೆಯಲ್ಲಿ ಅಳೆದು ಬಂದು ಹೇಳಿದ:

"ಅಣ್ಣಾರ, ಮಗ್ಗಲಕ್ಕ ಮಗ್ಗಲ ಹಾಕಿದ್ರ ನಾಕ ಹಾಸು ಹಿಡಿತಾವ್ರಿ. ವಿಮಾನಕ್ಕ ಬ್ಯಾರೆ ಜಾಗಾ ನೋಡ್ರಿ ಅಂತ ಸಾಹೇಬ್ರಿಗೆ ಬರೀರಿ."