ತಲೆದಿಂಬಿನ ಬಳಿಯ ಲೋಹದ ಕುತ್ತಿಗೆ

ನನಗಾದ ಅನ್ಯಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ತಿರ್ಲಾಪುರದ ನಮ್ಮ ಮನೆಯಲ್ಲಿ, ನನ್ನದೇ ಕೋಣೆಯಲ್ಲಿ, ನನ್ನ ತಲೆದಿಂಬಿನಿಂದ ಮೊಳ ದೂರವೂ ಇಲ್ಲದ ಗೋಡೆಗೆ, ಲೋಹದ ಕುತ್ತಿಗೆಯುಳ್ಳ ಹಳೆಯ ಬೇಸ್ ಗಿಟಾರೊಂದನ್ನು ನನ್ನನ್ನು ಒಂದು ಮಾತೂ ಕೇಳದೆ ಒರಗಿಸಿಟ್ಟರು. ಇಟ್ಟವನು ನನ್ನ ತಮ್ಮನ ಮಗ ಬಸು. ಮದುವೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುವವನು. ಜಾಗ ತೋರಿಸಿದವಳು ಅವನ ತಾಯಿ ಶಾಂತವ್ವ. ಹಿಂದೊಮ್ಮೆ ನನ್ನ ಕಿಟಕಿಗೆ ಅಡ್ಡವಾಗಿ ಹತ್ತಿಯ ಚೀಲಗಳನ್ನು ಒಟ್ಟಿಸಿದವಳೂ ಈಕೆಯೇ. ನಾನು ಮರೆತಿಲ್ಲ.

ಆ ವಾದ್ಯದ ರೂಪವನ್ನಾದರೂ ನೋಡಬೇಕು. ತಲೆಯ ನಡುವೆ ಏನೂ ಇಲ್ಲ. ಎತ್ತಿನ ಕೋಡುಗಳಂತೆ ಎರಡು ಕವಲು. ಮರದ ಒಡಲಿನ ಒಂದು ಬದಿಯನ್ನು ಯಾರೋ ಕಚ್ಚಿ ತಿಂದಂತಿದೆ. ಕುತ್ತಿಗೆ ಮಾತ್ರ ಉದ್ದಕ್ಕೂ ಬೆಳ್ಳಗೆ ಹೊಳೆಯುವ ಲೋಹ. ಕೈ ತಾಗಿದರೆ ಹಾವಿನಷ್ಟು ತಣ್ಣಗೆ. "ಕಟಗೀ ಕುತಗಿ ಬಾಗ್ತಾವ್ರಿ ದೊಡ್ಡಪ್ಪಾರ, ಇದು ಜನ್ಮಕ್ಕ ಬಾಗಂಗಿಲ್ಲ. ಇಂಥಾವು ಈಗ ಹುಡುಕಿದ್ರೂ ಸಿಗೂದಿಲ್ಲ" ಎನ್ನುತ್ತ ಬಸು ಅದನ್ನು ಒರೆಸುತ್ತಿದ್ದ. ನಾನು ಜ್ವರದಿಂದ ಮಲಗಿದ್ದಾಗ ನನ್ನ ಹಣೆಯನ್ನು ಅಷ್ಟು ಮೆತ್ತಗೆ ಯಾರೂ ಒರೆಸಿರಲಿಲ್ಲ.

ನನಗೆ ಸಿಡಿಲಿನ ಭಯವಿದೆ. ಹೊಲದ ಬೇವಿನ ಮರ ಸಿಡಿಲಿಗೆ ಕಣ್ಣೆದುರೇ ಸೀಳಿಹೋದದ್ದನ್ನು ಕಂಡವನು ನಾನು. ಅಂದಿನಿಂದ ಗುಡುಗು ಕೇಳಿದೊಡನೆ ಕೈಗಡಿಯಾರವನ್ನೂ ಸೊಂಟದ ಬೆಳ್ಳಿಯ ಉಡಿದಾರವನ್ನೂ ತೆಗೆದಿಡುತ್ತೇನೆ. ಬಳಿಕ ಮನೆಯ ಪದ್ಧತಿಯಂತೆ ಕುಡುಗೋಲನ್ನು ಅಂಗಳಕ್ಕೆ ಎಸೆಯುತ್ತೇನೆ; ಸಿಡಿಲು ಕಬ್ಬಿಣವನ್ನು ಹುಡುಕಿಕೊಂಡು ಅಲ್ಲೇ ಬೀಳಲಿ, ಮನೆ ಉಳಿಯಲಿ ಎಂದು.

ಮೊನ್ನೆ ಸಂಜೆ ಮುಗಿಲು ಕಪ್ಪಿಟ್ಟು ಗುಡುಗಿತು. ಆ ಕ್ಷಣವೇ, ಯಾರೂ ಮುಟ್ಟದ ಗಿಟಾರಿನ ದಪ್ಪ ತಂತಿ ತಾನಾಗಿ ಗುಂಯ್ ಎಂದಿತು. ಮೇಲಿನದು ಕರೆಯಿತು, ಕೆಳಗಿನದು ಓಗೊಟ್ಟಿತು! ಕುಡುಗೋಲು ನೋಡಿದರೆ ಹೊಲಕ್ಕೆ ಹೋಗಿತ್ತು. ಒಳಗಿದ್ದರೆ ಮೃತ್ಯು, ಹೊರಗಿದ್ದರೆ ರಕ್ಷೆ ಎನ್ನಬಹುದಾದ ವಸ್ತು ಎದುರಿಗೇ ಇತ್ತು. ಗಡಿಯಾರ, ಉಡಿದಾರಗಳನ್ನು ಕ್ರಮವಾಗಿ ತೆಗೆದಿಟ್ಟು, ಗಿಟಾರಿನ ಕುತ್ತಿಗೆಯನ್ನು ಎರಡೂ ಕೈಗಳಿಂದ ಹಿಡಿದು ಮಳೆಯೊಳಗೆ ನಡೆದೆ.

ನಡುಅಂಗಳದಲ್ಲಿದ್ದಾಗ ಮಿಂಚಿತು. ಕೈಯಲ್ಲಿರುವುದು ಏನೆಂಬುದು ಆ ಬೆಳಕಿನಲ್ಲಿ ನನಗೆ ಹೊಳೆಯಿತು. ಎಳೆಯಷ್ಟು ಬೆಳ್ಳಿಗೂ ಹೆದರುವ ಮನುಷ್ಯ, ತೋಳುದ್ದದ ಲೋಹವನ್ನು ಮುಗಿಲಿಗೆ ತೋರಿಸುತ್ತ ನಿಂತಿದ್ದ! ಬೆರಳು ಬಿಚ್ಚಲಿಲ್ಲ, ಕಾಲು ಏಳಲಿಲ್ಲ.

ಹೊಸ್ತಿಲಲ್ಲಿ ತಾಯಿ, ಮಗ ಕಾಣಿಸಿಕೊಂಡರು. "ದೊಡ್ಡಪ್ಪಾರ, ಗಿಟಾರ್ ತೊಯ್ಯಾಕತ್ತೈತ್ರೀ!" ಎಂದು ಬಸು ಚೀರಿದ.

"ಸಿಡ್ಲಿಗೆ ಕಬ್ಬಿಣ ಒಗಿಬೇಕಲ್ಲಲೇ!" ಎಂದೆ.

"ಕಬ್ಬಿಣ ಅಲ್ರೀ ಅದು, ಅಲ್ಯೂಮಿನಿಯಂ!"

"ಅಯ್ಯ ಬಾವಾರ, ನಮ್ಮ ಅನ್ನದ ಬೋಗಾಣಿ ಇದ್ದಂಗ್ರಿ ಅದು! ಸಿಡ್ಲ ಏನ್ ಊಟಕ್ಕ ಬರ್ತೈತೇನ್ರಿ?" ಎಂದು ಶಾಂತವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

ಬಸು ಓಡಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಗಿಟಾರನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಒಳಗೆ ಓಡಿದ. ನಾನು ಒಬ್ಬನೇ ಹಿಂದೆ ನಡೆದು ಬಂದೆ. ಟವೆಲ್ ನನ್ನದು.

ಸಿಡಿಲು ಬೀಳಲಿಲ್ಲ, ವಾದ್ಯವೂ ಕೆಡಲಿಲ್ಲ, ಅದು ಮತ್ತೆ ನನ್ನ ತಲೆದಿಂಬಿನ ಬಳಿಯೇ ಇದೆ. ನಾನು ಮಾಡಿದ್ದು ಮೂರ್ಖತನವೆಂದೇ ಇರಲಿ. ಆದರೆ ಬಸು, ಶಾಂತವ್ವ, ನಿಮ್ಮಿಬ್ಬರನ್ನೂ ಕೇಳುತ್ತೇನೆ: ಆ ಮಿಂಚಿನ ಕೆಳಗೆ ಜನ್ಮಕ್ಕೂ ಬಾಗದ ಕುತ್ತಿಗೆಯೊಂದು, ವಯಸ್ಸಿಗೆ ಬಾಗಿದ ಕುತ್ತಿಗೆಯೊಂದು, ಎರಡೂ ತೊಯ್ಯುತ್ತಿದ್ದವು, "ಒಳಗ ಬರ್ರಿ" ಎಂಬ ಎರಡು ಮಾತು ನನಗೇಕೆ ಸಿಗಲಿಲ್ಲ?