ಇಲಿಗಳಿಗೆ ಮುಪ್ಪು ಬರುವವರೆಗೆ

ನಮ್ಮ ಕಾಕಾನಿಗೆ ಮನುಷ್ಯರ ಮಾತಿಗಿಂತ ಇಲಿಗಳ ತೂಕದ ಮೇಲೆ ನಂಬಿಕೆ ಹೆಚ್ಚು. ಹೈದರಾಬಾದಿನ ಹರೆಯದವರೆಲ್ಲ ಕಂಪ್ಯೂಟರ್ ಕಲಿಯಲು ದಿಲ್‌ಸುಖ್‌ನಗರದಲ್ಲಿ ಸಾಲುಗಟ್ಟಿದ್ದ ಕಾಲದಲ್ಲಿ ಈ ಪುಣ್ಯಾತ್ಮ ಒಂದು ಪ್ರಯೋಗಾಲಯದಲ್ಲಿ ಇಲಿ ಸಾಕುತ್ತಿದ್ದ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದರು, “ಸಾಫ್ಟ್‌ವೇರ್ ಕಲೀಬಹುದಲ್ರಿ?”

“ಕಲೀಬಹುದ್ರಿ. ಆದ್ರ ಇಲಿ ಸಾಯೂತನಕ ಪುರುಸೊತ್ತಿಲ್ಲ.”

ಸಂಬಂಧ ಅಲ್ಲಿಗೇ ಮುಗಿಯಿತು. ಉಪ್ಪಿಟ್ಟು ಮಾತ್ರ ಚೆನ್ನಾಗಿತ್ತಂತೆ!

ಹೊಸ ಐಟಿ ಕಟ್ಟಡಗಳ ಚಾವಣಿಗೆ ಬಿಸಿಲಿನ ಕಾವು ತಡೆಯಲು ಗಾಜಿನ ಎಳೆಗಳ ಉಣ್ಣೆ ತುಂಬುತ್ತಾರಲ್ಲ, ಅದರ ಧೂಳಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಒಂದು ಗುಂಪಿನ ಇಲಿಗಳಿಗೆ ಧೂಳಿನ ಗಾಳಿ, ಇನ್ನೊಂದಕ್ಕೆ ಸೋಸಿದ ಗಾಳಿ. “ಈ ಊರಾಗ ಶುದ್ಧ ಗಾಳಿ ಸಿಗೂದು ಅವಕ್ಕಷ್ಟ” ಎಂದು ಕಾಕಾ ಕೂಕಟ್‌ಪಲ್ಲಿಯ ಬಸ್ಸಿನ ಹೊಗೆ ಕುಡಿಯುತ್ತ ಹೊಟ್ಟೆಕಿಚ್ಚುಪಡುತ್ತಿದ್ದ. ಆ ಉಣ್ಣೆಯನ್ನು ಏಣಿ ಹತ್ತಿ ತುಂಬುವವರು ಯಾರು ಗೊತ್ತೇ? ಅವನ ಅಣ್ಣ, ಅಂದರೆ ನಮ್ಮಪ್ಪ. ಬೀದರಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದವರು.

ರೋಗ ಕಾಣುವ ಮೊದಲೇ ತೂಕ ಇಳಿಯುತ್ತದಂತೆ. ಹಾಗಾಗಿ ಪ್ರತಿ ಸೋಮವಾರ ಇಲಿಗಳನ್ನು ತೂಗಿ ವಹಿಯಲ್ಲಿ ಬರೆಯುವುದು ಕಾಕಾನ ಕೆಲಸ. ಆ ಹುಚ್ಚು ಮನೆಗೂ ಬಂತು. ಸೋಮವಾರ ಸಂಜೆ ಅಪ್ಪನನ್ನು ಎಳೆದುಕೊಂಡು ಹೋಗಿ, ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲ ತೂಗುವ ಕಾಟಾ ಮೇಲೆ ನಿಲ್ಲಿಸುತ್ತಿದ್ದ.

“ಕಿಲೋ ಹೆಂಗ ಕೊಡ್ತೀರಿ?” ಎಂದು ಅಂಗಡಿಯವ ನಗುತ್ತಿದ್ದ. ಅಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಒಂದು ದಿನ ಉಣ್ಣೆ ಕಂಪನಿಯವನು ಪ್ರಯೋಗಾಲಯಕ್ಕೆ ಬಂದ. ಇಷ್ಟು ತಿಂಗಳಾದರೂ ಯಾವ ಇಲಿಯಲ್ಲೂ ಕ್ಯಾನ್ಸರ್ ಗಂಟು ಕಂಡಿಲ್ಲ, ಪರೀಕ್ಷೆ ಮುಗಿಸಿ ಧೂಳಿನಿಂದ ಅಪಾಯವಿಲ್ಲವೆಂದು ವರದಿ ಕೊಡಿ ಎಂದ. ಪ್ರಯೋಗಾಲಯದ ದೊಡ್ಡ ಸಾಹೇಬರೂ ತಲೆಯಾಡಿಸಿದರು. ಕಾಕಾ ಇಲಿಕೋಣೆಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ಬಾಗಿಲಿಗೆ ಅಡ್ಡ ಕುಳಿತುಬಿಟ್ಟ. ಊಟವನ್ನೂ ಬಿಟ್ಟಿದ್ದಾನೆಂದು ತಿಳಿದು ಅಪ್ಪ ಬುತ್ತಿ ಹಿಡಿದು ನನ್ನನ್ನೂ ಕರೆದುಕೊಂಡು ಓಡಿದರು.

“ಬೋನು ತೊಳೆಯುವವನು ನೀನು, ನಿನಗೇನು ಗೊತ್ತು?” ಎಂದು ಕಂಪನಿಯವನು ಹಿಂದಿಯಲ್ಲಿ ಗದರುತ್ತಿದ್ದ.

“ಹರೇದಾಗ ಎಲ್ಲಾರೂ ಆರಾಮೇ ಇರ್ತಾರ್ರಿ. ಅವಕ್ಕ ಮುಪ್ಪು ಬರ್ಲಿ, ಆಮ್ಯಾಲೆ ನೋಡೂಣು. ನೌಕರಿ ತಗೊಳ್ರಿ, ಕೀಲಿ ಕೊಡಂಗಿಲ್ಲ.”

ಕಂಪನಿಯವನು ಕಾಕಾನ ಕೈಯಿಂದ ವಹಿ ಕಿತ್ತುಕೊಂಡು ಹಾಳೆ ತಿರುವಿದ. ಎಲ್ಲ ತೂಕವೂ ಸರಿಯಾಗಿಯೇ ಇತ್ತು. ಪ್ರತಿ ಸೋಮವಾರದ ಕೊನೆಯ ಸಾಲಿಗೆ ಬಂದು ಅವನ ಬೆರಳು ನಿಂತಿತು. ಅಲ್ಲಿ ಕನ್ನಡದಲ್ಲಿ ಬರೆದ ಒಂದು ಪದ ಅವನಿಗೆ ಓದಲು ಬರಲಿಲ್ಲ.

“ಅರವತ್ತೆರಡು ಕಿಲೋ? ಇದು ಯಾವ ಇಲಿ?”

ನಾನು ಇಣುಕಿದೆ. ‘ಅಣ್ಣ’ ಎಂದಿತ್ತು.

“ಅದು ಧೂಳಿನ ಗುಂಪಿಂದ್ರಿ” ಎಂದ ಕಾಕಾ.

ಸಾಹೇಬರು ಬುತ್ತಿ ಹಿಡಿದು ನಿಂತ ಅಪ್ಪನನ್ನು ನೋಡಿದರು. ಅಪ್ಪನ ಅಂಗಿಯ ತೋಳಿನಲ್ಲಿ ಗಾಜಿನ ಎಳೆಗಳು ಮಿನುಗುತ್ತಿದ್ದವು. ಅವರು ವಹಿಯನ್ನು ಮುಚ್ಚಿ ಕಾಕಾನ ಕೈಗೇ ಕೊಟ್ಟು, ಪರೀಕ್ಷೆ ಕೊನೆಯವರೆಗೂ ನಡೆಯಲಿ ಎಂದರು.

ಮುಂದಿನ ಸೋಮವಾರ ಕಾಕಾ ಮನೆಗೆ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಹುಡುಕಿಕೊಂಡು ಹೋದರೆ, ಯಾರೂ ಕರೆಯದೆಯೇ ಕಾಟಾ ಮೇಲೆ ತಲೆಯೆತ್ತಿ ನಿಂತು ತಮ್ಮನ ದಾರಿ ಕಾಯುತ್ತಿದ್ದರು.