ಕೈಯಿಲ್ಲದ ಸೊಸೆ

ನನ್ನ ಸೊಸೆಗೆ ಕೈಗಳೇ ಇಲ್ಲ! ಗಾಬರಿಯಾಗಬೇಡಿ. ಮುದ್ದೆ ಕಟ್ಟುವಾಗ ಎರಡೂ ಇರುತ್ತವೆ. ನನ್ನ ತಟ್ಟೆಗೆ ತುಪ್ಪ ಬಡಿಸುವಾಗ ಒಂದು ಕೈ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೆ. ಆದರೆ ಯಾರಿಗಾದರೂ ಮೊಬೈಲು ಕಲಿಸಲು ನಿಂತಳೋ, ಎರಡೂ ಬೆನ್ನ ಹಿಂದೆ ಹೋಗಿಬಿಡುತ್ತವೆ. ನೀವು ಯಾವ ತಪ್ಪು ಗುಂಡಿಯನ್ನಾದರೂ ಒತ್ತಿ, ಮನೆಗೆ ಬೆಂಕಿ ಬೀಳುವಂಥದ್ದನ್ನೇ ಒತ್ತಿ, ಅವಳು ಕೈ ಮುಂದೆ ತರುವುದಿಲ್ಲ.

ಅವಳ ಉದ್ಯೋಗವೇ ಅದು. ಅರಸೀಕೆರೆಯಿಂದ ಬೇಲೂರು, ಹಳೇಬೀಡಿನ ಕಡೆಯವರೆಗೆ ಶಾಲೆಶಾಲೆಗೆ ಹೋಗಿ ಮೇಷ್ಟ್ರುಗಳಿಗೇ ಪಾಠ ಹೇಳುತ್ತಾಳೆ: ತರಗತಿಗೆ ಬಂದಿರುವ ದೊಡ್ಡ ಟಿ.ವಿ., ಕೈಯಲ್ಲಿರುವ ಮೊಬೈಲು, ಇವನ್ನು ಇಟ್ಟುಕೊಂಡು ಮಕ್ಕಳಿಗೆ ಕಲಿಸುವುದು ಹೇಗೆ ಎಂದು. ಮೊದಲೆಲ್ಲ ಇಂಥ ತರಬೇತಿ ಪೇಟೆಯ ಯಾವುದೋ ದೊಡ್ಡ ಹಾಲ್‌ನಲ್ಲಿ ನಡೆಯುತ್ತಿತ್ತಂತೆ. ಯಾರೋ ಬಂದು ಸಂಜೆಯವರೆಗೆ ಮಾತಾಡುವುದು, ಇವರೆಲ್ಲ ಉಪ್ಪಿಟ್ಟು ತಿಂದು ತೂಕಡಿಸುವುದು, ಸರ್ಟಿಫಿಕೇಟು ಹಿಡಿದು ಬಸ್ಸು ಹತ್ತುವುದು. ಭಾಷಣ ಕೇಳಿ ಮುದ್ದೆ ತೊಳಸಲು ಕಲಿತವರುಂಟೆ? ಇವಳು ಅವರವರ ತರಗತಿಗೇ ಹೋಗಿ, ಅವರದೇ ಪಾಠ ಹಿಡಿದು ಕೂರುತ್ತಾಳೆ. ಬಾರದಿದ್ದರೆ ಮುಂದಿನ ವಾರ ಮತ್ತೆ ಹೋಗುತ್ತಾಳೆ.

ಈ ಹುಚ್ಚಿನಲ್ಲಿ ನನ್ನ ಪಾಲೂ ಇದೆ. ಹೊಸದೇನನ್ನೇ ಕಲಿಸುವ ಮೊದಲು ನನ್ನ ಮೇಲೆ ಪರೀಕ್ಷೆ. ನನಗೆ ಬಂದರೆ ಪ್ರಪಂಚಕ್ಕೇ ಬಂದಂತೆ! ಒಮ್ಮೆ ತೆಂಗಿನಮರದ ಫೋಟೋ ತೆಗೆಯಿರಿ ಎಂದಳು. ತೆಗೆದೆ, ನೆಂಟರ ಗುಂಪಿಗೂ ಕಳಿಸಿದೆ. ಹೋಗಿದ್ದು ನನ್ನ ಕೆನ್ನೆ. ಕೊಬ್ಬರಿ ವ್ಯಾಪಾರ ಮಾಡುವ ನನ್ನ ತಮ್ಮ ಕೂಡಲೇ ಉತ್ತರ ಕೊಟ್ಟ: "ಯಾರ ಮನೆ ಕೊಬ್ಬರಿ ಅಕ್ಕ? ಬೂಷ್ಟು ಹಿಡಿದೈತೆ, ತಗೋಬ್ಯಾಡ."

ಕಣಕಟ್ಟೆ ಕಡೆಯ ಒಂದು ಶಾಲೆಯಲ್ಲಿ ವಯಸ್ಸಾದ ಟೀಚರಮ್ಮ ಒಬ್ಬರು ಇವಳ ಪಾಠಕ್ಕೆ ಬಗ್ಗಿರಲಿಲ್ಲ. ಟಿ.ವಿ.ಗೆ ಕಸೂತಿ ಬಟ್ಟೆ ಹೊದಿಸಿ, ಮೂರು ಪಟ್ಟೆ ವಿಭೂತಿ ಬಳಿದು, ದಿನಾ ದಾಸವಾಳ ಏರಿಸುತ್ತಿದ್ದರು. ಆನ್ ಮಾಡುವುದು ಮಾತ್ರ ಇಲ್ಲ. ನನಗಂತೂ ತಪ್ಪು ಕಾಣಲಿಲ್ಲ, ನಮ್ಮ ಮಿಕ್ಸಿಗೂ ವಿಭೂತಿಯಿದೆ. ಆದರೆ ಅವರು, ಮಕ್ಕಳೆದುರು ದಡ್ಡಿಯಾಗಲಾರೆ, ಈ ತಿಂಗಳೇ ಕೆಲಸ ಬಿಡುತ್ತೇನೆ ಎಂದುಬಿಟ್ಟಿದ್ದರು. ಲೆಕ್ಕವನ್ನು ಅಷ್ಟು ಚೆನ್ನಾಗಿ ಹೇಳಿಕೊಡುವವರು ಹೊರಟುಹೋಗುತ್ತಾರಲ್ಲ ಎಂದು ಸೊಸೆಗೆ ಊಟ ಸೇರಲಿಲ್ಲ. ಕೊನೆಗೆ ಒಂದು ಶನಿವಾರ, ಮಕ್ಕಳು ಮನೆಗೆ ಹೋದ ಮೇಲೆ ಸಿಗಲು ಅವರನ್ನು ಒಪ್ಪಿಸಿ, ನನ್ನನ್ನೂ ಬಸ್ಸು ಹತ್ತಿಸಿದಳು. ಜಾಣೆಯೆಂದು ಕರೆದೊಯ್ಯುತ್ತಿದ್ದಾಳೆ ಎಂದುಕೊಂಡು ನಾನು ರೇಷ್ಮೆ ಸೀರೆ ಉಟ್ಟಿದ್ದೆ.

ಫೋನಿನಲ್ಲಿದ್ದ ಹುಲಿಕೆರೆಯ ಕಲ್ಲುಮೆಟ್ಟಿಲ ಕೊಳದ ಚಿತ್ರವನ್ನು ನಾನು ಟಿ.ವಿ.ಗೆ ಕಳಿಸಬೇಕಿತ್ತು. ಸೊಸೆ ಕೈ ಹಿಂದೆ ಕಟ್ಟಿ ನಿಂತಳು. ಒತ್ತಿದೆ. ಟಿ.ವಿ. ತುಂಬ ಎಲೆಯಡಿಕೆ ಮೆತ್ತಿದ ಕೆಂಪು ಬಾಯಿ ಬಂತು, ಒಳಗೆ ಎರಡು ಹಲ್ಲು.

"ಯಾರೇ ಅವ್ಳು ಮುದುಕಿ? ಬಾಯಿ ಮುಚ್ಕೊಳ್ಳಾಕೇಳು," ಅಂದೆ.

ನಾನಂದದ್ದಕ್ಕೆ ಸರಿಯಾಗಿ ಅವಳೂ ಬಾಯಾಡಿಸಿದಳು. ಆಗ ಗೊತ್ತಾಯಿತು.

ಟೀಚರಮ್ಮ ನಕ್ಕು ನಕ್ಕು ಮಕ್ಕಳ ಬೆಂಚಿನ ಮೇಲೆ ಕುಸಿದು ಕುಳಿತರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಕೊಡಿ ಅಮ್ಮ. ಮೊದ್ಲು ಹಿಂದಕ್ಕೆ ಹೋಗ್ಬೇಕು." ಒತ್ತಿದರು, ಟಿ.ವಿ. ಕತ್ತಲಾಯಿತು. ಸೊಸೆಯ ಕೈ ಬೆನ್ನ ಹಿಂದೆಯೇ ಇತ್ತು. ನನ್ನಂಥ ದಡ್ಡಿಯ ಮುಂದೆ ನಾಚಿಕೆ ಯಾತಕ್ಕೆ ಅನ್ನಿಸಿರಬೇಕು, ಮತ್ತೆ ಒತ್ತಿದರು. ಕೊಳ ಬಂತು. ಹತ್ತಿರ ಹೋಗಿ ಮೆಟ್ಟಿಲ ಸಾಲುಗಳ ಮೇಲೆ ಬೆರಳಾಡಿಸಿದರು.

"ಇದ್ರಲ್ಲಿ ಗುಣಾಕಾರ ಹೇಳ್ಕೊಡ್ಬೋದಲ್ಲ ಮೇಡಂ. ಸೋಮವಾರ ಬನ್ನಿ, ಮಕ್ಕಳಿರ್ತಾರೆ."

ಕೆಲಸ ಬಿಡುವ ಮಾತೇ ಎತ್ತಲಿಲ್ಲ.

ಬಸ್ಸಿನಲ್ಲಿ ಸೊಸೆ, "ಎಂಥ ಆಕ್ಟಿಂಗ್ ಮಾಡಿದ್ರಿ ಅತ್ತೆ," ಅಂದಳು. ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಸುಳ್ಳು ಜೀರ್ಣವಾಗುವ ವಯಸ್ಸಲ್ಲ.

"ಆಕ್ಟಿಂಗಲ್ಲ ಕಣೇ, ನಂಗೆ ನಿಜವಾಗ್ಲೂ ಬರಾಕಿಲ್ಲ. ಇನ್ನೆಷ್ಟು ದಿನಾಂತ ಹೇಳ್ಕೊಡ್ತೀಯ?"

"ಬರೋ ತನಕ."

ಎರಡನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಬರಲಿಲ್ಲವೆಂದು, ಇವಳ ತಲೆಗೆ ಹತ್ತುವುದಿಲ್ಲ ಎಂದು ನಮ್ಮಪ್ಪ ಒಂದೇ ಮಾತಿನಲ್ಲಿ ಶಾಲೆ ಬಿಡಿಸಿದ್ದರು. ಆಮೇಲೆ ನಮ್ಮ ಮನೆಯವರೂ ಅದನ್ನೇ ಹೇಳಿಕೊಂಡು ಬಂದರು, ನಾನೂ ಅದನ್ನೇ ನಂಬಿಕೊಂಡು ಬಂದೆ.

ಸೊಸೆ ಆಗಲೇ ತೂಕಡಿಸುತ್ತಿದ್ದಳು. ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡೆ. ಬಸ್ಸು ಬಹಳ ಕುಲುಕುತ್ತಿತ್ತು, ಅದಕ್ಕೆ.